ಸ್ಪೇರ್ ಪಾರ್ಟಿನ ಸಾಹುಕಾರ: ರಾಬರ್ಟ್ ಬಾಷ್

ಹಳೇ ಸ್ಪೋರ್ಟ್ಸ್ ಕಾರು ಇಟ್ಕೊಳ್ಳೋದು ಅಂದ್ರೆ ಬಿಳಿ ಆನೆ ಸಾಕಿದ ಹಾಗೆ. ಅದರಲ್ಲೂ ಮೆಕ್ಯಾನಿಕಲ್ ಪಾರ್ಟು ಕೆಟ್ಟರೆ ಹೇಗೋ ಆಗುತ್ತೆ. ಜೆ.ಸಿ. ರೋಡಲ್ಲಿ ಹುಡುಕಬಹುದು, ಸಿಗದಿದ್ರೆ ಲೇತ್ ಇರೋ ಯಾರಾದ್ರೂ ಮಾಡಿಕೊಡ್ತಾರೆ. ಎಲೆಕ್ಟ್ರಾನಿಕ್ಸ್ ಕೆಟ್ಟರೆ ಮಾತ್ರ ದೇವರೇ ಗತಿ. 1970ರ ದಶಕದ ಪೋರ್ಷೆ 914 ಕಾರಿನಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಪ್ರೆಶರ್ ಸೆನ್ಸರ್ ಇದೆ. ಅದು ಸತ್ತರೆ ಕಾರು ನಿಂತ ಹಾಗೇನೇ, ಹೊಸದನ್ನ ಈಗ ಯಾರೂ ತಯಾರಿಸಲ್ಲ. ಆ ಸೆನ್ಸರ್ ಮಾಡಿದ್ದು ಬಾಷ್ ಕಂಪನಿ. ಆ ಕಂಪನಿಯ ಗುರುತು ನಿಮಗೆ ಗೊತ್ತಿರುತ್ತೆ: ಒಂದು ವೃತ್ತ, ಅದರೊಳಗೆ ಇಂಗ್ಲಿಷ್ 'ಎಚ್' ಥರದ ಗೆರೆಗಳು.

ಆ ಗೆರೆಗಳು ಏನು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಅದು ಮ್ಯಾಗ್ನೆಟೋ ಅನ್ನೋ ಯಂತ್ರದ ಆರ್ಮೇಚರ್. ಕಾರುಗಳಲ್ಲಿ ಅದರ ಕಾಲ ಮುಗಿದು ಎಷ್ಟೋ ದಶಕ ಆಯ್ತು. ಅಂದ್ರೆ ಜಗತ್ತಿನ ಅತಿ ದೊಡ್ಡ ಆಟೋ ಪಾರ್ಟ್ಸ್ ಕಂಪನಿಗಳಲ್ಲಿ ಒಂದು ತನ್ನ ಗುರುತಾಗಿ ಇಟ್ಕೊಂಡಿರೋದು ಅಂಗಡಿಯಲ್ಲಿ ಸಿಗದ ಒಂದು ಪಾರ್ಟನ್ನ! ಆ ಪಾರ್ಟಿನ ಹಿಂದಿದ್ದ ಮನುಷ್ಯನ ಕತೆ ಇದು. ಬಿಟಿಎಂ ಕಡೆಯವರಿಗೆ ಮೈಕೋ ಲೇಔಟ್ ಗೊತ್ತು, ಆಡುಗೋಡಿಯ ದೊಡ್ಡ ಗೇಟೂ ಗೊತ್ತು. ಆ ಗೇಟಿನ ಮೇಲಿರೋದು ಇವನದೇ ಹೆಸರು. ಆದರೆ ಈತ ಬೆಂಗಳೂರಿಗೆ ಕಾರ್ಖಾನೆ ಬರೋ ಹೊತ್ತಿಗೆ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ಊರಿನ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪನಿಗೆ ಜಮೀನಿತ್ತು, ಜೊತೆಗೆ ದಾರಿಹೋಕರಿಗೆ ಊಟ-ವಸತಿ ಕೊಡುವ ಛತ್ರದಂಥ ಹೋಟೆಲ್ ಇತ್ತು. ಶಾಲೆ ಮುಗಿದ ಮೇಲೆ ಹುಡುಗ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯೋಕೆ ಸೇರಿದ. ಆಮೇಲೆ ಸುಮಾರು ಏಳು ವರ್ಷ ಊರೂರು ಸುತ್ತಿ ಬೇರೆಬೇರೆ ಕಡೆ ಕೆಲಸ ಮಾಡಿದ. ಮಧ್ಯದಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಲ್ಲಿ ಒಂದು ಆರು ತಿಂಗಳು ಕೂತು ಪಾಠ ಕೇಳಿದ, ಡಿಗ್ರಿಗೇನೂ ಸೇರಲಿಲ್ಲ. (ಅಟೆಂಡೆನ್ಸ್ ಶಾರ್ಟೇಜ್ ಇರೋರು ಇದನ್ನ ಎಚ್‌ಓಡಿ ಮುಂದೆ ಉದಾಹರಣೆ ಕೊಡೋಕೆ ಹೋಗಬೇಡಿ.) 1884ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನಲ್ಲಿ ಎಡಿಸನ್ ಕಂಪನಿಯಲ್ಲಿ ದುಡಿದ, ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಬ್ರದರ್ಸ್‌ನಲ್ಲಿ.

1886ರ ನವೆಂಬರ್ 15ಕ್ಕೆ ಸ್ಟುಟ್‌ಗಾರ್ಟ್‌ನ ಒಂದು ಕಟ್ಟಡದ ಹಿಂಭಾಗದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ಬಂಡವಾಳ 10,000 ಮಾರ್ಕ್. ಕೆಲಸಗಾರ ಒಬ್ಬ, ಎಡತಾಕೋ ಹುಡುಗ ಒಬ್ಬ. ಟೆಲಿಫೋನು, ಎಲೆಕ್ಟ್ರಿಕ್ ಬೆಲ್ಲು, ಯಾರು ಏನು ತಂದರೂ ರಿಪೇರಿ. ಸುಮಾರು ಹತ್ತು ವರ್ಷ ಈ ಅಂಗಡಿ ಏಳ್ತಾ ಬೀಳ್ತಾ ನಡೆಯಿತು. ಗಿರಾಕಿಗಳ ಮನೆಗೆ ಸೈಕಲ್ ತುಳಿದುಕೊಂಡು ಹೋಗ್ತಿದ್ದ. ಆ ಊರಲ್ಲಿ ಆಗ ಸೈಕಲ್ಲೇ ನೋಡೋ ವಸ್ತು.

1887ರಲ್ಲಿ ಒಬ್ಬ ಗಿರಾಕಿ ಬಂದು, ಡಾಯ್ಟ್ಜ್ ಕಂಪನಿಯ ಸ್ಥಿರ ಗ್ಯಾಸ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸೋ ಒಂದು ಸಾಧನ ಇದೆಯಂತೆ, ಅಂಥದ್ದೇ ಒಂದು ಮಾಡಿಕೊಡು ಅಂದ. ಬಾಷ್ ಹತ್ತಿರದ ಊರಿಗೆ ಹೋಗಿ ಅದನ್ನ ನೋಡಿಕೊಂಡು ಬಂದ. ಆಮೇಲೆ ಆತ ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು: ಇದಕ್ಕೆ ಪೇಟೆಂಟ್ ಇದೆಯಾ ಅಂತ ಡಾಯ್ಟ್ಜ್ ಕಂಪನಿಯನ್ನೇ ವಿಚಾರಿಸಿದ. ಇಲ್ಲ ಅಂತ ಖಚಿತವಾದ ಮೇಲೇ ಕೈ ಹಾಕಿದ್ದು. ನಕಲು ಅಂತಲೇ ಶುರು, ಆದರೆ ಮಾಡುವಾಗ ಮೂಲಕ್ಕಿಂತ ಚೆನ್ನಾಗಿ ಮಾಡಿದ. ಬಾಷ್ ಮ್ಯಾಗ್ನೆಟೋವನ್ನ ಕಂಡುಹಿಡಿದವನಲ್ಲ, ಅದು ಪ್ರತಿ ಸಲ ಕೆಲಸ ಮಾಡೋ ಹಾಗೆ ಮಾಡಿದವನು.

ಮ್ಯಾಗ್ನೆಟೋ ಅಂದ್ರೆ ಬ್ಯಾಟರಿ ಇಲ್ಲದೇ ಕಿಡಿ ಹುಟ್ಟಿಸೋ ಪುಟ್ಟ ಜನರೇಟರ್. ಆಯಸ್ಕಾಂತದ ನಡುವೆ ಆರ್ಮೇಚರ್ ಅಲುಗಾಡುತ್ತೆ, ಕರೆಂಟು ಹುಟ್ಟುತ್ತೆ, ಸಿಲಿಂಡರಿನ ಒಳಗಿರೋ ಎರಡು ಕಾಂಟ್ಯಾಕ್ಟ್ ಬೇರೆಯಾದಾಗ ಕಿಡಿ ಹಾರುತ್ತೆ. ನಿಧಾನವಾಗಿ ತಿರುಗೋ ಇಂಜಿನ್ನಿಗೆ ಇದು ಸಾಕು. 1897ರಲ್ಲಿ ಇಂಗ್ಲೆಂಡಿನ ವ್ಯಾಪಾರಿ ಫ್ರೆಡರಿಕ್ ಸಿಮ್ಸ್ ಒಂದು ಡಿ ಡಿಯೋನ್-ಬೂತೋನ್ ಮೂರು ಚಕ್ರದ ಗಾಡಿ ತಂದು ಇದಕ್ಕೂ ಕೂರಿಸು ಅಂದಾಗ ಸಮಸ್ಯೆ ಬಂತು. ಅದರ ಇಂಜಿನ್ 1,800 ಆರ್‌ಪಿಎಂ. ಫೋರ್ ಸ್ಟ್ರೋಕ್, ಒಂದೇ ಸಿಲಿಂಡರ್, ಅಂದ್ರೆ ನಿಮಿಷಕ್ಕೆ 900 ಕಿಡಿ ಬೇಕು. ಆಗಿನ ಮ್ಯಾಗ್ನೆಟೋ ಕೊಡ್ತಿದ್ದದ್ದು ಸುಮಾರು 200. ಭಾರವಾದ ಆರ್ಮೇಚರನ್ನ ಅಷ್ಟು ಬೇಗ ಹಿಂದಕ್ಕೂ ಮುಂದಕ್ಕೂ ಅಲುಗಿಸೋಕೆ ಆಗಲ್ಲ, ಇನರ್ಷಿಯಾ ಬಿಡಲ್ಲ. ಫೋರ್‌ಮನ್ ಆರ್ನಾಲ್ಡ್ ತ್ಸೇರಿಂಗರ್‌ಗೆ ದಾರಿ ಹೊಳೆಯಿತು: ಆರ್ಮೇಚರ್ ಇದ್ದಲ್ಲೇ ಇರಲಿ, ಅದರ ಸುತ್ತ ಒಂದು ಹಗುರವಾದ ಲೋಹದ ತೋಳು ಮಾತ್ರ ಅಲುಗಾಡಲಿ. ಕೆಲಸ ಆಯ್ತು. ಮರುವರ್ಷವೇ ಲಂಡನ್ನಿನಲ್ಲಿ ಮಾರಾಟದ ಕಚೇರಿ.

ಸ್ಪೋರ್ಟ್ಸ್ ಕಾರು ಅನ್ನೋ ಜಾತಿಯ ಹುಟ್ಟೂ ಇಲ್ಲೇ ಹತ್ತಿರದಲ್ಲಿದೆ. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗಾರ್ಡನ್ ಬೆನೆಟ್ ರೇಸನ್ನ ಕಮೀಲ್ ಜೆನಾಟ್ಸಿ ಮರ್ಸಿಡಿಸ್ ಕಾರಲ್ಲಿ ಗೆದ್ದ, ಕಿಡಿ ಬಾಷ್‌ದು. ಕೆಂಪು ಗಡ್ಡದ ಆ ಡ್ರೈವರನ್ನ ಕೆಂಪು ಸೈತಾನ ಅಂತ ಕರೀತಿದ್ರು. ಮುಂದೆ ಬಾಷ್ ಕಂಪನಿ ತನ್ನ ಜಾಹೀರಾತಿನ ಪೋಸ್ಟರಿಗೂ ಅದೇ ಸೈತಾನನ ರೂಪ ಬಳಸಿಕೊಂಡಿತು.

ತಮಾಷೆ ಏನಂದ್ರೆ, ಆ ರೇಸ್ ಗೆಲ್ಲೋ ಹೊತ್ತಿಗೆ ಗೆಲ್ಲಿಸಿದ ಪಾರ್ಟು ಆಗಲೇ ಹಳತಾಗ್ತಿತ್ತು. ಹಳತು ಮಾಡಿದ್ದೂ ಬಾಷ್‌ನ ಮನೆಯವರೇ. ಹಿಂದೆ ಇದೇ ವರ್ಕ್‌ಶಾಪಿನಲ್ಲಿ ಹುಡುಗನಾಗಿ ಕೆಲಸ ಕಲಿತು, ಆಮೇಲೆ ಇಂಜಿನಿಯರಿಂಗ್ ಓದಿ ವಾಪಸ್ ಬಂದಿದ್ದ ಗಾಟ್ಲೋಬ್ ಹೋನೋಲ್ಡ್ ಒಂದೇ ಆರ್ಮೇಚರಿನ ಮೇಲೆ ಎರಡು ವೈಂಡಿಂಗ್ ಸುತ್ತಿ, ಹೈ ವೋಲ್ಟೇಜ್ ತೆಗೆದು, ಅಲುಗಾಡದ ಸ್ಪಾರ್ಕ್ ಪ್ಲಗ್‌ಗೆ ಕೊಟ್ಟ. ಇದಕ್ಕೆ 1902ರಲ್ಲಿ ಪೇಟೆಂಟ್. ಸಿಲಿಂಡರಿನೊಳಗೆ ಸವೆಯೋ ಕಾಂಟ್ಯಾಕ್ಟು, ಅದನ್ನ ತಳ್ಳೋ ಸರಳು ಯಾವುದೂ ಬೇಡ. ಕೈತುಂಬ ಮಾರಾಟ ಆಗ್ತಿರೋ ತನ್ನದೇ ಸರಕನ್ನ ಹೊಸದಕ್ಕಾಗಿ ಬದಿಗೆ ಸರಿಸೋಕೆ ಒಪ್ಪೋ ಮಾಲೀಕರು ಕಡಿಮೆ. ಬಾಷ್ ಒಪ್ಪಿದ. ಇವತ್ತು ನಾವು ಕಂಪನಿಗಳನ್ನ ಪಾರ್ಟ್ ನಿಲ್ಲಿಸಿದ್ದಕ್ಕೆ ಬೈತೀವಲ್ಲ, ಅದರ ಮೊದಲ ತಲೆಮಾರಿನ ಅಪರಾಧಿ ಇವನೇ ಅನ್ನಿ! ಕಂಪನಿಯ ಆರ್ಮೇಚರ್ ಗುರುತನ್ನ 1918ರಲ್ಲಿ ಬರೆದವನೂ ಹೋನೋಲ್ಡೇ.

1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೋ ಹೊರಬಂತು. ಅದೇ ವರ್ಷ ಬಾಷ್ ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸ ಜಾರಿಗೆ ತಂದ, ಜರ್ಮನಿಯಲ್ಲಿ ಇಂಥದ್ದು ಅಪರೂಪ. ಬೇರೆ ಮಾಲೀಕರು ಆತನನ್ನ ಕೆಂಪು ಬಾಷ್ ಅಂತ ಆಡಿಕೊಂಡರು. ದಣಿದ ಕೈ ಒಳ್ಳೇ ಪಾರ್ಟ್ ಮಾಡಲ್ಲ ಅನ್ನೋ ಲೆಕ್ಕವೂ ಅದರಲ್ಲಿತ್ತು. ಹಾಗಂತ ಸಂತನೇನಲ್ಲ, 1913ರಲ್ಲಿ ಇವನ ಕಾರ್ಖಾನೆಯಲ್ಲೂ ದೊಡ್ಡ ಮುಷ್ಕರ ಆಯ್ತು. ಜಿಪುಣತನದ ಕತೆಗಳೂ ಇವೆ. ಆಫೀಸಿನ ನೆಲದಲ್ಲಿ ಬಿದ್ದಿದ್ದ ಪೇಪರ್ ಕ್ಲಿಪ್ ಎತ್ತಿಕೊಂಡು, ಇದು ಕ್ಲಿಪ್ ಅಲ್ಲ ನನ್ನ ದುಡ್ಡು ಅಂತ ನೌಕರನಿಗೆ ಪಾಠ ಹೇಳಿದನಂತೆ.

1914ರಲ್ಲಿ ಮಹಾಯುದ್ಧ ಶುರುವಾಯ್ತು. ಪಾರ್ಟ್ ಸಿಗದೇ ಇರೋದು ಅಂದ್ರೆ ಏನು ಅಂತ ಒಂದು ಇಡೀ ದೇಶಕ್ಕೆ ಅರ್ಥವಾದದ್ದು ಆಗ. ಬ್ರಿಟನ್ನಿನ ಕಾರು, ಲಾರಿ, ಮೋಟರ್‌ಸೈಕಲ್, ವಿಮಾನಗಳ ಇಂಜಿನ್ನಿನಲ್ಲಿ ಹೆಚ್ಚಾಗಿ ಇದ್ದದ್ದು ಬಾಷ್ ಮ್ಯಾಗ್ನೆಟೋ. ಯುದ್ಧ ಘೋಷಣೆಯಾದ ದಿನವೇ ಸಪ್ಲೈ ಬಂದ್. ದೇಶದೊಳಗೆ ಮ್ಯಾಗ್ನೆಟೋ ಮಾಡೋರು ಬೆರಳೆಣಿಕೆ. ಇದ್ದ ಬಾಷ್ ಪೀಸುಗಳನ್ನೇ ಬಿಚ್ಚಿ, ಅಳೆದು, ನಕಲು ಮಾಡೋಕೆ ಕೂತರು. ಆಕಾರ ನಕಲು ಮಾಡೋದು ಸುಲಭ. ಆಯಸ್ಕಾಂತಕ್ಕೆ ತಕ್ಕ ಉಕ್ಕು, ಹೈ ವೋಲ್ಟೇಜ್ ತಡೆಯೋ ಇನ್ಸುಲೇಷನ್, ಕೂದಲೆಳೆಯಂಥ ತಾಮ್ರದ ತಂತಿ, ಇವೆಲ್ಲ ಕಷ್ಟವಾಯ್ತು. ಹಳೇ ಇಸಿಯು ಬಿಚ್ಚಿ ಸರ್ಕ್ಯೂಟ್ ಬರೆದುಕೊಳ್ಳೋ ಈಗಿನ ಹುಡುಗರಿಗೆ ಈ ಪಾಡು ಚೆನ್ನಾಗಿ ಗೊತ್ತಿರುತ್ತೆ.

ಬಾಷ್‌ಗೂ ಆ ಯುದ್ಧ ದೊಡ್ಡ ಹೊಡೆತ. 1913ರಲ್ಲಿ ವ್ಯಾಪಾರದ ಸುಮಾರು ಶೇ. 88 ಹೊರದೇಶಗಳಿಂದ ಬರ್ತಿತ್ತು. ಅಮೆರಿಕ ಅಲ್ಲಿನ ಆಸ್ತಿಯನ್ನೆಲ್ಲ ಜಪ್ತಿ ಮಾಡಿ ಮಾರಿಬಿಟ್ಟಿತು, ಪೇಟೆಂಟು, ಹೆಸರು ಸಮೇತ. ಯುದ್ಧ ಮುಗಿದ ಮೇಲೆ ಅಮೆರಿಕದ ಅಂಗಡಿಗಳಲ್ಲಿ ಬಾಷ್ ಹೆಸರಿನ ಪಾರ್ಟು ಸಿಗ್ತಿತ್ತು, ಅದರಲ್ಲಿ ಬಾಷ್‌ಗೆ ಪಾಲಿಲ್ಲ! ಒರಿಜಿನಲ್ ಯಾವುದು, ಡೂಪ್ಲಿಕೇಟ್ ಯಾವುದು ಅನ್ನೋ ಜಗಳ ವರ್ಷಗಟ್ಟಲೆ ನಡೆಯಿತು. ಯುದ್ಧದ ಆರ್ಡರುಗಳಿಂದ ಬಂದ ಲಾಭವನ್ನ ಮಾತ್ರ ಆತ ಇಟ್ಟುಕೊಳ್ಳಲಿಲ್ಲ, ನೆಕಾರ್ ನದಿಯ ಕಾಲುವೆ ಯೋಜನೆಗೆ ಮತ್ತು ಬೇರೆ ಸಾರ್ವಜನಿಕ ಕೆಲಸಗಳಿಗೆ ಕೋಟಿಗಟ್ಟಲೆ ಮಾರ್ಕ್ ಕೊಟ್ಟ.

1921ರಲ್ಲಿ ಮಗ ತೀರಿಕೊಂಡ. ಅವನ ಹೆಸರೂ ರಾಬರ್ಟ್. ಮಲ್ಟಿಪಲ್ ಸ್ಕ್ಲೆರೋಸಿಸ್. ಕಂಪನಿಯನ್ನ ಯಾರ ಕೈಗೆ ಕೊಡಬೇಕು ಅಂತ ಅಂದುಕೊಂಡಿದ್ದನೋ ಅವನೇ ಹೋದ. ಕೆಲವು ವರ್ಷಗಳಲ್ಲಿ ಮೊದಲ ಮದುವೆಯೂ ಮುರಿಯಿತು. ಅದೇ ಕಾಲಕ್ಕೆ, ಕಾರುಗಳಿಗೆ ಒಳ್ಳೇ ಬ್ಯಾಟರಿ ಮತ್ತು ಡೈನಮೋ ಬಂದವು. ಬ್ಯಾಟರಿ, ಕಾಯಿಲ್ ಇದ್ದರೆ ದುಬಾರಿ ಮ್ಯಾಗ್ನೆಟೋ ಯಾಕೆ? 1925ರಲ್ಲಿ ಬಾಷ್ ಕಂಪನಿ ತಾನೇ ಬ್ಯಾಟರಿ ಇಗ್ನಿಷನ್ ತಂದಿತು. ಮನೆ ಕಟ್ಟಿದ ಪಾರ್ಟಿಗೆ ಮತ್ತೊಮ್ಮೆ ಮನೆಯವರೇ ಕೊನೆ ಹಾಡಿದರು. ಆ ವರ್ಷ ಮಾರಾಟ ಕುಸಿದು ಸಾವಿರಾರು ಜನರ ಕೆಲಸ ಹೋಯ್ತು ಅನ್ನೋದನ್ನೂ ಮರೆಯಬಾರದು. ಉಳಿಸಿದ್ದು ಡೀಸೆಲ್. 1922ರಲ್ಲಿ ಶುರುವಾದ ಇಂಜೆಕ್ಷನ್ ಪಂಪಿನ ಕೆಲಸ 1927ರಲ್ಲಿ ಉತ್ಪಾದನೆಗೆ ಬಂತು. ಆಮೇಲೆ ಡ್ರಿಲ್, ಫ್ರಿಜ್, ಏನೇನೋ.

ಕೊನೆಯ ಹತ್ತು ವರ್ಷ ಓದೋಕೆ ಸುಲಭ ಇಲ್ಲ. ಹಿಟ್ಲರ್ ಬಂದ. ಬಾಷ್‌ಗೆ ನಾಜಿಗಳು ಆಗಿಬರ್ತಿರಲಿಲ್ಲ. ಹಲವು ಯಹೂದಿಗಳಿಗೆ ಸಹಾಯ ಮಾಡಿದ, ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್‌ನನ್ನ ಸಲಹೆಗಾರ ಅನ್ನೋ ಹೆಸರಲ್ಲಿ ಇಟ್ಟುಕೊಂಡು ಓಡಾಟಕ್ಕೆ ದುಡ್ಡು ಕೊಟ್ಟ. ಅದೇ ಹೊತ್ತಿಗೆ ಅದೇ ಕಂಪನಿ ಹಿಟ್ಲರನ ಸೈನ್ಯಕ್ಕೆ ಪಾರ್ಟು ಮಾಡಿಕೊಡ್ತಿತ್ತು. ಯುದ್ಧದ ವರ್ಷಗಳಲ್ಲಿ ಸುಮಾರು 20,000 ಜನರನ್ನ ಬಲವಂತವಾಗಿ ಅಲ್ಲಿ ದುಡಿಸಲಾಯಿತು. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ಟರೆ ಅದು ಜೀವನಚರಿತ್ರೆ ಅಲ್ಲ, ಕಂಪನಿಯ ಕ್ಯಾಲೆಂಡರ್. 1942ರ ಮಾರ್ಚ್ 12ರಂದು, 80ನೇ ವಯಸ್ಸಿನಲ್ಲಿ ಬಾಷ್ ಸತ್ತ. ಆತನಿಗೆ ಹಿಡಿಸದ ಸರ್ಕಾರವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿತು. ಗೋರ್ಡೆಲರ್‌ನನ್ನ 1945ರಲ್ಲಿ ಗಲ್ಲಿಗೇರಿಸಿದರು. ಬಾಷ್ ಬರೆದಿಟ್ಟ ಉಯಿಲಿನ ಆಶಯದಂತೆ ಇವತ್ತು ಕಂಪನಿಯ ಸುಮಾರು ಶೇ. 94 ಷೇರು ಒಂದು ದತ್ತಿ ಸಂಸ್ಥೆಯ ಕೈಲಿದೆ.

1951ರಲ್ಲಿ ಮೈಕೋ, ಅಂದ್ರೆ ಮೋಟರ್ ಇಂಡಸ್ಟ್ರೀಸ್ ಕಂಪನಿ, ಹುಟ್ಟಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಾಗತೊಡಗಿದವು. ಹೋನೋಲ್ಡ್‌ನ ಪ್ಲಗ್ಗು ಹೊಸೂರು ರಸ್ತೆಗೆ ಬಂದದ್ದು ಹೀಗೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯ್ತು, ಲೇಔಟಿನ ಹೆಸರು ಮಾತ್ರ ಮೈಕೋನೇ ಉಳೀತು. ಈಗ ಆ ಜಾಗದಲ್ಲಿ ಸಾಫ್ಟ್‌ವೇರಿನವರ ಓಡಾಟ.

ಇನ್ನು ಆ ಪೋರ್ಷೆ ಸೆನ್ಸರ್. 1967ರಲ್ಲಿ ಬಾಷ್ ಕಂಪನಿ ಡಿ-ಜೆಟ್ರಾನಿಕ್ ಅನ್ನೋ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತು, ಮೊದಲು ಫೋಕ್ಸ್‌ವ್ಯಾಗನ್ 1600ರಲ್ಲಿ. ಇಸಿಯುನಲ್ಲಿ ಪ್ರೊಸೆಸರ್ ಇಲ್ಲ, ಬಿಡಿ ಟ್ರಾನ್ಸಿಸ್ಟರುಗಳಷ್ಟೇ. ಸೆನ್ಸರಿನೊಳಗೆ ಗಾಳಿ ತೆಗೆದು ಮುಚ್ಚಿದ ಲೋಹದ ಡಬ್ಬಿಗಳು ಮ್ಯಾನಿಫೋಲ್ಡ್ ಒತ್ತಡಕ್ಕೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತವೆ, ಒಂದು ಕಬ್ಬಿಣದ ತುಂಡು ಕಾಯಿಲಿನೊಳಗೆ ಜರುಗುತ್ತೆ, ಇಂಡಕ್ಟನ್ಸ್ ಬದಲಾಗುತ್ತೆ, ಇಂಜೆಕ್ಟರ್ ತೆರೆದಿರೋ ಸಮಯ ಬದಲಾಗುತ್ತೆ. ತೆಳು ಡಯಾಫ್ರಾಮ್ ವರ್ಷಗಟ್ಟಲೆ ಅಲುಗಾಡಿ ಬಿರುಕು ಬಿಟ್ಟರೆ ಪೆಟ್ರೋಲ್ ಜಾಸ್ತಿ ಹೋಗಿ ಕಪ್ಪು ಹೊಗೆ.

ಇಂಥದ್ದನ್ನ ಹುಡುಕೋರು ಮೊದಲು ಮಾಡಬೇಕಾದ್ದು ಕಾರಿನ ಹೆಸರು ಮರೆಯೋದು. ಪೋರ್ಷೆ ಪಾರ್ಟ್ ನಂಬರ್ ಹಿಡಿದು ಹೋದರೆ ಇಲ್ಲ ಅಂತಾರೆ, ಇದ್ದರೂ ರೇಟು ಕೇಳೋ ಹಾಗಿಲ್ಲ. ಪಾರ್ಟಿನ ಮೈಮೇಲೆ ಹತ್ತು ಅಂಕಿಯ ಬಾಷ್ ನಂಬರ್ ಇರುತ್ತೆ, ಪೆಟ್ರೋಲ್ ಇಂಜೆಕ್ಷನ್ ಸಾಮಾನಾದರೆ ಸಾಮಾನ್ಯವಾಗಿ 0 280 ಅಂತ ಶುರು. ಅದೇ ಕಾಲದ ವೋಲ್ವೋ, ಮರ್ಸಿಡಿಸ್, ಸಾಬ್, ಫೋಕ್ಸ್‌ವ್ಯಾಗನ್‌ಗಳಲ್ಲೂ ಡಿ-ಜೆಟ್ರಾನಿಕ್ ಇತ್ತು. ಟೆಂಪರೇಚರ್ ಸೆನ್ಸರು, ಇಂಜೆಕ್ಟರು ಇಂಥವು ಎಷ್ಟೋ ಸಲ ಹಂಚಿಕೆಯವೇ. ಪ್ರೆಶರ್ ಸೆನ್ಸರ್ ಮಾತ್ರ ಆಯಾ ಇಂಜಿನ್ನಿಗೆ ಟ್ಯೂನ್ ಮಾಡಿದ್ದು, ಕೊನೇ ಮೂರು ಅಂಕಿಯೂ ಹೊಂದಬೇಕು. ಹಳೇ ಪೀಸ್ ಸಿಕ್ಕರೆ ದುಡ್ಡು ಕೊಡೋ ಮುಂಚೆ ಮಲ್ಟಿಮೀಟರ್ ಇಡಿ: ಪ್ರೈಮರಿ ಸುಮಾರು 90 ಓಮ್, ಸೆಕೆಂಡರಿ ಸುಮಾರು 350. ಆಮೇಲೆ ಕೈಪಂಪಲ್ಲಿ ವ್ಯಾಕ್ಯೂಮ್ ಎಳೆದು ನಿಲ್ಲುತ್ತಾ ನೋಡಿ. ಕಾಯಿಲ್ ಚೆನ್ನಾಗಿದ್ದು ಡಯಾಫ್ರಾಮ್ ಮಾತ್ರ ಹೋಗಿದ್ದರೆ ಬಿಸಾಡಬೇಡಿ, ತೆಳು ಲೋಹದ ಹಾಳೆಯಲ್ಲಿ ಹೊಸದು ಮಾಡಿ ಕೂರಿಸೋರು ಇದ್ದಾರೆ. ಇನ್ನೂ ಸ್ವಲ್ಪ ಹೊಸ ಕಾರಾದ ಪೋರ್ಷೆ 944 ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಇಸಿಯು ಹುಡುಕೋಕೆ ಹೊರಡಬೇಡಿ. ಇಸಿಯುಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡೋ ಒಂದು ರಿಲೇ ಇದೆ, ಅದರೊಳಗಿನ ಸಾಲ್ಡರ್ ಬಿರುಕು ಬಿಟ್ಟಿರುತ್ತೆ. ಎಸ್.ಪಿ. ರೋಡಿಗೆ ಹೋಗೋದೇ ಆದ್ರೆ ಒಂದು ಒಳ್ಳೇ ಸಾಲ್ಡರಿಂಗ್ ಐರನ್ ತಗೊಂಡು ಬನ್ನಿ.