ಮನೆಪಾಠದಿಂದ ಶಾಲೆಗೆ ಬಂದ ಪುಟ್ಟಪ್ಪ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬಾರದೇ ಎಂದು ಬಳ್ಳಾರಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಕೆಲವರು ಈಚೆಗೆ ನನ್ನನ್ನು ಕೇಳುವುದುಂಟು. ಆಗೆಲ್ಲ ನನಗೆ ಕುವೆಂಪು ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಕಡೆಯ ತುಂಗೆಯೇ ಭದ್ರೆಯನ್ನು ಕೂಡಿಕೊಂಡು ನಮ್ಮ ಸಿರುಗುಪ್ಪಕ್ಕೆ ಬರುತ್ತಾಳೆ. ಕಾಡಿನ ನಡುವಿನ ಆ ಮನೆಗೆ ದಕ್ಷಿಣ ಕನ್ನಡದಿಂದ ಮೇಷ್ಟ್ರೊಬ್ಬರನ್ನು ಕರೆಸಿದ್ದರು. ಮೊದಲ ಪಾಠವೆಲ್ಲ ಮನೆಯಲ್ಲೇ. ಜಮೀನಿದ್ದ ಮನೆತನ, ಮೇಷ್ಟ್ರನ್ನು ಇಟ್ಟುಕೊಳ್ಳುವ ಶಕ್ತಿ ಇತ್ತು. ಕೂಲಿಯವರಿಗೆ ಅದು ಎಲ್ಲಿಂದ ಬರಬೇಕು? ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಕುರುಗೋಡು ಕಡೆಯ ಹುಡುಗಿ ಮನೆಯಲ್ಲಿ ಉಳಿದರೆ ಅವಳ ಪಾಲಿಗೆ ಬರುವುದು ತಮ್ಮನನ್ನು ಎತ್ತಿಕೊಳ್ಳುವ ಕೆಲಸ, ಪಾಠವಲ್ಲ.

ಪುಟ್ಟಪ್ಪ ಮುಂದೆ ತೀರ್ಥಹಳ್ಳಿಯ ಶಾಲೆ ಸೇರಿದರು. ಹನ್ನೆರಡರ ವಯಸ್ಸಿಗೆ ತಂದೆ ವೆಂಕಟಪ್ಪನವರು ತೀರಿಕೊಂಡರೂ ಓದು ನಿಲ್ಲಲಿಲ್ಲ. ಮೈಸೂರಿನ ವೆಸ್ಲಿಯನ್ ಹೈಸ್ಕೂಲು, ಆಮೇಲೆ ಮಹಾರಾಜಾ ಕಾಲೇಜು. ಅಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಗುರುಗಳಾಗಿ ದೊರೆತರು. 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ ಜ್ಞಾನಪೀಠ ಪಡೆದ ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರಿಗೇ. ಎಷ್ಟೇ ಒಳ್ಳೆಯ ಮನೆಮೇಷ್ಟ್ರಿದ್ದರೂ ಕುಪ್ಪಳಿಯಲ್ಲೇ ಕುಳಿತಿದ್ದರೆ ಅಂಥ ಗುರು ಸಿಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಹಾಗೆಂದು ಮನೆ ಕೊಟ್ಟದ್ದೇನೂ ಕಡಿಮೆಯಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಾಡು, ಮಳೆ, ಆಳುಕಾಳುಗಳೆಲ್ಲ ಆ ಸೀಮೆಯವೇ.

1956ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು; ಮಾನಸಗಂಗೋತ್ರಿ ಅವರ ಕಾಲದ್ದು. 1994ರ ನವೆಂಬರ್ 11ರಂದು ತೀರಿಕೊಂಡರು. ಸಮಾಧಿ ಕುಪ್ಪಳಿಯ ಮನೆಯ ಮೇಲಿನ ಕವಿಶೈಲದಲ್ಲಿದೆ.