ಜೈಲಿನ ಕಿಟಕಿಗೆ ಬಂದ ಹಕ್ಕಿಗಳು: ರೋಸಾ ಲಕ್ಸೆಂಬರ್ಗ್ ಬದುಕಿನ ಇನ್ನೊಂದು ಪುಟ

ರೋಸಾ ಲಕ್ಸೆಂಬರ್ಗ್ ಅಂದ ಕೂಡಲೇ ಕಣ್ಣ ಮುಂದೆ ಬರೋದು ಕೆಂಬಾವುಟ, ಬೆಂಕಿಯಂಥ ಭಾಷಣ, ಬರ್ಲಿನ್‌ನ ಬೀದಿ, ಕೊನೆಗೆ ಕಾಲುವೆಗೆ ಎಸೆದ ಹೆಣ. ಪೋಸ್ಟರ್‌ಗಳಲ್ಲಿ ನಾವು ನೋಡಿರೋದು ಆ ರೋಸಾರನ್ನೇ. ಆದರೆ ಜೈಲಿನ ಕಿಟಕಿಯ ಹೊರಗೆ ತಟ್ಟೆಯಿಟ್ಟು ಹಕ್ಕಿಗಳ ದಾರಿ ಕಾಯುತ್ತಿದ್ದ ರೋಸಾ ಕೂಡ ಇದ್ದರು. ಇಬ್ಬರೂ ಒಬ್ಬರೇ ಅನ್ನೋದನ್ನು ಒಪ್ಪಿಕೊಳ್ಳೋಕೆ ಅವರ ಅಭಿಮಾನಿಗಳಿಗೂ ವಿರೋಧಿಗಳಿಗೂ ಯಾಕೋ ಕಷ್ಟ.

1871ರಲ್ಲಿ, ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಝಮೋಶ್ಚ್ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು ರೋಸಾ. ಬೆಳೆದದ್ದು ವಾರ್ಸಾದಲ್ಲಿ. ಚಿಕ್ಕಂದಿನಲ್ಲಿ ಸೊಂಟದ ಕಾಯಿಲೆ ಬಂದು ಜೀವನಪೂರ್ತಿ ಕುಂಟುತ್ತಲೇ ನಡೆದರು. ಹದಿಹರೆಯದಲ್ಲೇ ಭೂಗತ ರಾಜಕೀಯಕ್ಕೆ ಇಳಿದು, 1889ರಲ್ಲಿ ದೇಶ ಬಿಟ್ಟು ಜ್ಯೂರಿಕ್ ಸೇರಿಕೊಂಡರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೊದಲು ಕೈಹಾಕಿದ್ದು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳಿಗೆ. ಆಮೇಲೆ ಅರ್ಥಶಾಸ್ತ್ರದ ಕಡೆ ಹೊರಳಿ, ಪೋಲೆಂಡಿನ ಕೈಗಾರಿಕೆಗಳ ಬೆಳವಣಿಗೆ ಮೇಲೆ 1897ರಲ್ಲಿ ಡಾಕ್ಟರೇಟ್ ಪಡೆದರು.

ಮರುವರ್ಷ ಬರ್ಲಿನ್. ಯುರೋಪಿನ ಅತಿ ದೊಡ್ಡ ಸಮಾಜವಾದಿ ಪಕ್ಷ ಅಲ್ಲಿತ್ತು. ಕ್ರಾಂತಿ ಬೇಡ, ಸಣ್ಣಪುಟ್ಟ ಸುಧಾರಣೆಗಳೇ ಸಾಕು ಎಂದು ವಾದಿಸುತ್ತಿದ್ದ ಪಕ್ಷದ ಹಿರಿಯ ಬರ್ನ್‌ಸ್ಟೈನ್ ವಿರುದ್ಧ ಇಪ್ಪತ್ತೇಳರ ಈ ವಲಸಿಗ ಹೆಣ್ಣುಮಗಳು ಲೇಖನಿ ಹಿಡಿದರು. 1907ರಿಂದ ಪಕ್ಷದ ಶಾಲೆಯಲ್ಲಿ ಪಾಠ ಮಾಡಿದರು. ಬಂಡವಾಳ ಬದುಕುಳಿಯೋಕೆ ಹೊಸ ಹೊಸ ನೆಲಗಳನ್ನು ನುಂಗುತ್ತಲೇ ಇರಬೇಕಾಗುತ್ತೆ ಎಂದು ವಿವರಿಸುವ ಅವರ ದೊಡ್ಡ ಪುಸ್ತಕ ಬಂದದ್ದು 1913ರಲ್ಲಿ. ಅದೇ ವರ್ಷ ಗಿಡಗಳನ್ನು ಒತ್ತಿ ಒಣಗಿಸಿ, ಪುಸ್ತಕಗಳಲ್ಲಿ ಅಂಟಿಸಿ ಹೆಸರು ಬರೆದಿಡೋ ಕೆಲಸವನ್ನೂ ಶುರುಮಾಡಿದರು. ಜೈಲಿಗೆ ಹೋದ ಮೇಲೂ ಅದನ್ನು ಬಿಡಲಿಲ್ಲ.

1914ರ ಆಗಸ್ಟ್ 4. ಅವರದೇ ಪಕ್ಷ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿತು. ರೋಸಾಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿರಲಿಲ್ಲ. ಬೇರೆ ದೇಶದ ಕಾರ್ಮಿಕರ ಮೇಲೆ ಗುಂಡು ಹಾರಿಸಬೇಡಿ ಎಂದು ಯುದ್ಧಕ್ಕೆ ಮೊದಲೇ ಮಾಡಿದ್ದ ಭಾಷಣಕ್ಕಾಗಿ ಅವರಿಗೆ ಒಂದು ವರ್ಷದ ಶಿಕ್ಷೆಯಾಗಿತ್ತು. 1915ರ ಫೆಬ್ರವರಿಯಲ್ಲಿ ಜೈಲಿಗೆ ಹಾಕಿದರು. ಮುಂದಿನ ಫೆಬ್ರವರಿಯಲ್ಲಿ ಬಿಟ್ಟು, 1916ರ ಜುಲೈನಲ್ಲಿ ಮತ್ತೆ ಹಿಡಿದರು. ಈ ಸಲ ಮೊಕದ್ದಮೆಯೂ ಇಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಅದಕ್ಕೆ ಸರ್ಕಾರ ಇಟ್ಟ ಹೆಸರು ರಕ್ಷಣಾತ್ಮಕ ಬಂಧನ.

ಆ ಅಕ್ಟೋಬರ್‌ನಲ್ಲಿ ಅವರನ್ನು ಸಾಗಿಸಿದ್ದು ಈಗ ಪೋಲೆಂಡಿನಲ್ಲಿರುವ ವ್ರಾಂಕೆ ಕೋಟೆಗೆ. ಬರ್ಲಿನ್‌ನ ಜೈಲಿಗಿಂತ ಇದು ವಾಸಿ. ಓಡಾಡೋಕೆ ಒಂದು ಪುಟ್ಟ ತೋಟ ಇತ್ತು, ಕಿಟಕಿ ಮುಂದೆ ಪೊದೆಗಳಿದ್ದವು. ಅಲ್ಲಿಗೆ ಬರುತ್ತಿದ್ದದ್ದು ಗ್ರೇಟ್ ಟಿಟ್ ಹಕ್ಕಿಗಳು. ನಮ್ಮ ಚೇಕಡಿ ಹಕ್ಕಿಯ ಬಳಗ ಇದು. ಗುಬ್ಬಿ ಗಾತ್ರ, ಕರಿ ತಲೆ, ಬಿಳಿ ಕೆನ್ನೆ, ಹಳದಿ ಹೊಟ್ಟೆಯ ನಡುವೆ ಒಂದು ಕರಿ ಪಟ್ಟಿ. ರೋಸಾ ಅವುಗಳ ಕೂಗನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದರೆಂದರೆ ಕೇಳಿದ ಕೂಡಲೇ ಅವು ಹಾರಿ ಬರುತ್ತಿದ್ದವು. ಕಿಟಕಿ ಮುಂದಿನ ಲೋಹದ ತಟ್ಟೆಯಿಂದ ಎರಡು ಬ್ಲ್ಯಾಕ್‌ಬರ್ಡ್‌ಗಳು ದಿನಾ ಬಂದು ತಿನ್ನುತ್ತಿದ್ದವು. ಒಂದು ದಿನ ಮೊಟ್ಸಾರ್ಟ್‌ನ ಒಪೆರಾದ ಹಾಡು ಹಾಡಿದರೆ, ಆರೇಳು ಹಕ್ಕಿಗಳು ಪೊದೆಯ ಮೇಲೆ ಕೂತು ಕೊನೆಯವರೆಗೂ ಅಲ್ಲಾಡದೆ ಕೇಳಿದವಂತೆ. ಇದನ್ನೆಲ್ಲ 1917ರ ಫೆಬ್ರವರಿಯಲ್ಲಿ ತಮ್ಮ ಕಾರ್ಯದರ್ಶಿ ಮಟಿಲ್ಡಾ ಯಾಕೋಬ್‌ಗೆ ಬರೆದು, ಈ ಪುಟ್ಟ ಮಂದಿಗೆ ಸೂರ್ಯಕಾಂತಿ ಬೀಜ ಕಳಿಸಲು ಕೇಳಿದರು. ಬರ್ಲಿನ್ ಹಸಿದಿದ್ದ ಯುದ್ಧಕಾಲದ ಚಳಿಗಾಲ ಅದು.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಹೊರಗೆ ಲಕ್ಷಾಂತರ ಯುವಕರು ಕಂದಕಗಳಲ್ಲಿ ಸಾಯುತ್ತಿರುವಾಗ ಹಕ್ಕಿ ನೋಡಿ ಖುಷಿಪಡೋದು ಪಲಾಯನ ಅಲ್ವಾ? ಪತ್ರಗಳನ್ನು ಸೆನ್ಸಾರ್‌ನವರು ಓದುತ್ತಿದ್ದರು, ರಾಜಕೀಯ ಬರೆಯೋಕೆ ಆಗ್ತಿರಲಿಲ್ಲ, ಅದಕ್ಕೇ ಹಕ್ಕಿ-ಹೂವು ಅಂತ ಬರೆದರು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ರೋಸಾ ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟಿದ್ದಾರೆ. ಕಾರ್ಲ್ ಲೀಬ್‌ಕ್ನೆಕ್ಟ್ ಕೂಡ ಆಗ ಜೈಲಿನಲ್ಲಿದ್ದರು. ಅವರ ಹೆಂಡತಿ ಸೋಫಿಗೆ 1917ರ ಮೇ 2ರಂದು ರೋಸಾ ಒಂದು ಪತ್ರ ಬರೆದರು. ಪಕ್ಷದ ಸಮ್ಮೇಳನಕ್ಕಿಂತ ತೋಟದ ದುಂಬಿಗಳ ನಡುವೆಯೇ ತನಗೆ ಹೆಚ್ಚು ನೆಮ್ಮದಿ, ತನ್ನ ಒಳಮನಸ್ಸು ಸಂಗಾತಿಗಳಿಗಿಂತ ಆ ಪುಟ್ಟ ಹಕ್ಕಿಗಳಿಗೇ ಹೆಚ್ಚು ಸೇರಿದ್ದು ಎಂದು ಒಪ್ಪಿಕೊಂಡರು. ಅದೇ ಉಸಿರಿನಲ್ಲಿ, ಸಾಯೋದಾದರೆ ಬೀದಿ ಹೋರಾಟದಲ್ಲೋ ಜೈಲಿನಲ್ಲೋ, ತನ್ನ ಕೆಲಸದ ಜಾಗದಲ್ಲೇ ಸಾಯುವ ಆಸೆ ಎಂದೂ ಹೇಳಿದರು. ಸೋತ ರಾಜಕಾರಣಿಗಳ ಹಾಗೆ ಪ್ರಕೃತಿಯಲ್ಲಿ ಅಡಗಿಕೊಳ್ಳುತ್ತಿಲ್ಲ, ಅಲ್ಲೂ ಹೆಜ್ಜೆಹೆಜ್ಜೆಗೆ ಕ್ರೌರ್ಯ ಕಂಡು ನೋಯುತ್ತೇನೆ ಅನ್ನೋದು ಅವರ ವಿವರಣೆ.

ಆ ಪತ್ರದಲ್ಲೇ ಇನ್ನೊಂದು ಸಂಗತಿ ಇದೆ. ಜರ್ಮನಿಯಲ್ಲಿ ಹಾಡುಹಕ್ಕಿಗಳು ಯಾಕೆ ಕಡಿಮೆಯಾಗುತ್ತಿವೆ ಎಂದು ಅವರು ಆಗಷ್ಟೇ ಓದಿದ್ದರು. ಲೆಕ್ಕಾಚಾರದ ಅರಣ್ಯ ಕೃಷಿ, ಬೇಸಾಯ, ತೋಟಗಾರಿಕೆ ಸೇರಿ ಪೊಟರೆ ಮರಗಳನ್ನು, ಬೀಳು ನೆಲವನ್ನು, ಪೊದೆಗಳನ್ನು, ಉದುರಿದ ಎಲೆಗಳನ್ನು ಇಲ್ಲವಾಗಿಸುತ್ತಿವೆ. ಹಕ್ಕಿಗೆ ಗೂಡಿಗೂ ಜಾಗವಿಲ್ಲ, ಊಟಕ್ಕೂ ಇಲ್ಲ. ಮನುಷ್ಯರಿಗೆ ಹಾಡು ತಪ್ಪಿಹೋಗುತ್ತೆ ಅನ್ನೋದು ರೋಸಾರ ದುಃಖವಾಗಿರಲಿಲ್ಲ. ಸದ್ದಿಲ್ಲದೆ, ಎದುರಾಡುವ ಶಕ್ತಿಯೂ ಇಲ್ಲದೆ ಅಳಿದುಹೋಗುತ್ತಿರುವ ಜೀವಗಳ ಚಿತ್ರ ಅವರನ್ನು ಕಾಡಿತು. ಜ್ಯೂರಿಕ್‌ನಲ್ಲಿ ಓದಿದ್ದ ಪುಸ್ತಕವೊಂದು ನೆನಪಾಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳನ್ನು ಅವರ ನೆಲದಿಂದ ಹೆಜ್ಜೆಹೆಜ್ಜೆಯಾಗಿ ಹೊರದಬ್ಬಿದ ಕಥೆ ಅದು. ತಟ್ಟೆಯ ಮುಂದೆ ಕೂತು ಹಕ್ಕಿ ನೋಡಿದ ಕಣ್ಣು, ಬಂಡವಾಳ ನೆಲ ನುಂಗುವ ಬಗೆಯನ್ನು ಪುಸ್ತಕವಾಗಿಸಿದ ಕಣ್ಣೇ.

1917ರ ಜುಲೈನಲ್ಲಿ ಬ್ರೆಸ್ಲಾವ್ ಜೈಲಿಗೆ ವರ್ಗಾವಣೆ. ತೋಟ ಹೋಯಿತು. ಆಪ್ತ ಗೆಳೆಯ ಹಾನ್ಸ್ ಡೀಫೆನ್‌ಬಾಖ್ ಅಕ್ಟೋಬರ್‌ನಲ್ಲಿ ಯುದ್ಧದಲ್ಲಿ ಸತ್ತರು. ಡಿಸೆಂಬರ್‌ನಲ್ಲಿ, ರೊಮೇನಿಯಾದಿಂದ ಯುದ್ಧದ ಕೊಳ್ಳೆಯಾಗಿ ತಂದಿದ್ದ ಎಮ್ಮೆಗಳನ್ನು ಸೈನಿಕನೊಬ್ಬ ರಕ್ತ ಬರುವಂತೆ ಬಡಿಯೋದನ್ನು ಅಂಗಳದಲ್ಲಿ ಕಂಡು ಅತ್ತರು. ಇದೇ ಜೈಲಿನಲ್ಲಿ, 1918ರಲ್ಲಿ, ರಷ್ಯಾದ ಕ್ರಾಂತಿಯ ಬಗ್ಗೆ ಬರೆದರು. ಕ್ರಾಂತಿಯನ್ನು ಎದೆತುಂಬಿ ಸ್ವಾಗತಿಸುತ್ತಲೇ, ಬೇರೆ ಅಭಿಪ್ರಾಯದವರಿಗೂ ಇಲ್ಲದ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ ಎಂದು ಲೆನಿನ್, ಟ್ರಾಟ್‌ಸ್ಕಿಗೆ ನೇರವಾಗಿ ಎಚ್ಚರಿಸಿದ ಬರಹ ಅದು.

1918ರ ನವೆಂಬರ್ ಕ್ರಾಂತಿ ಜೈಲಿನ ಬಾಗಿಲು ತೆರೆಯಿತು. ಹೊರಗೆ ಅವರಿಗೆ ಸಿಕ್ಕಿದ್ದು ಎರಡು ತಿಂಗಳಷ್ಟೇ. ಪತ್ರಿಕೆ ನಡೆಸಿದರು, ಹೊಸ ಪಕ್ಷ ಕಟ್ಟಿದರು. 1919ರ ಜನವರಿ 15ರಂದು ಸಮಾಜವಾದಿ ಸರ್ಕಾರವೇ ಬಳಸಿಕೊಂಡಿದ್ದ ಬಲಪಂಥೀಯ ಸೈನಿಕ ಪಡೆ ಅವರನ್ನೂ ಲೀಬ್‌ಕ್ನೆಕ್ಟ್‌ರನ್ನೂ ಹಿಡಿದು ಕೊಂದಿತು. ಲಾಂಡ್‌ವೇರ್ ಕಾಲುವೆಗೆ ಎಸೆದ ರೋಸಾರ ದೇಹ ಸಿಕ್ಕಿದ್ದು ಮೇ ಕೊನೆಗೆ.

ಸೋಫಿಗೆ ಬರೆದ ಪತ್ರಗಳು 1920ರಲ್ಲಿ ಪುಸ್ತಕವಾದಾಗ, ರಕ್ತಪಿಪಾಸು ರೋಸಾ ಎಂದು ಬೈಯುತ್ತಿದ್ದ ದೇಶಕ್ಕೆ ಬೇರೊಬ್ಬ ಹೆಂಗಸು ಕಂಡಳು. ಅದರಿಂದ ಒಂದು ಅಪಾಯವೂ ಆಯಿತು. ಹಕ್ಕಿಯ ರೋಸಾರನ್ನು ಮಾತ್ರ ಇಟ್ಟುಕೊಂಡು ಕ್ರಾಂತಿಯ ರೋಸಾರನ್ನು ಮರೆಯೋದು ಸುಲಭವಾಯಿತು. ಉಲ್ಟಾ ತಪ್ಪು ಚಳವಳಿಗಳಲ್ಲಿ ಇವತ್ತಿಗೂ ನಡೆಯುತ್ತೆ. ಖುಷಿಪಟ್ಟರೆ ಬದ್ಧತೆ ಕಮ್ಮಿ ಅಂದುಕೊಳ್ಳುತ್ತೇವೆ, ಸುಸ್ತಾಗಿ ಮುರಿದುಬಿದ್ದರೆ ಅದನ್ನೇ ತ್ಯಾಗ ಅನ್ನುತ್ತೇವೆ. ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ ರೋಸಾ ಹಾಗೆ ಲೆಕ್ಕ ಹಾಕಲಿಲ್ಲ. ಅಷ್ಟು ಬರೆದರು, ಅಷ್ಟು ಜಗಳವಾಡಿದರು, ತಟ್ಟೆಗೆ ಕಾಳನ್ನೂ ಹಾಕಿದರು.

ಮಟಿಲ್ಡಾಗೆ ಬರೆದ ಆ ಫೆಬ್ರವರಿಯ ಪತ್ರದಲ್ಲಿ ಒಂದು ಬೇಡಿಕೆಯಿತ್ತು. ಟಿಟ್ ಹಕ್ಕಿಯ ತ್ಸ್ವೀ-ತ್ಸ್ವೀ ಕೂಗಿಗೆ ಒಂದೆರಡು ದಿನಗಳಿಂದ ಪುಟ್ಟದೊಂದು ಹೊಸ ಎಳೆ ಸೇರಿತ್ತು. ಅದು ಬರಲಿರುವ ವಸಂತದ ಸುಳಿವು. ಹಿಮದ ನಡುವೆಯೂ ತಾನೂ ಆ ಹಕ್ಕಿಗಳೂ ವಸಂತವನ್ನು ನಂಬಿದ್ದೇವೆ ಎಂದ ರೋಸಾ, ತನ್ನ ಸಮಾಧಿಯ ಕಲ್ಲಿನ ಮೇಲೆ ಆ ಎರಡು ಅಕ್ಷರ ಬಿಟ್ಟು ಬೇರೇನೂ ಇರಬಾರದು ಎಂದು ಹೇಳಿಟ್ಟರು. ಅದು ನಡೆಯಲಿಲ್ಲ. ಬರ್ಲಿನ್‌ನ ಫ್ರೀಡ್ರಿಕ್ಸ್‌ಫೆಲ್ಡೆ ಸ್ಮಶಾನದಲ್ಲಿದ್ದ ಸ್ಮಾರಕವನ್ನು ನಾಜಿಗಳು 1935ರಲ್ಲಿ ಕೆಡವಿದರು. ಈಗ ಅಲ್ಲಿರುವ ಕಲ್ಲಿನ ಮೇಲೆ ಅವರ ಹೆಸರು, ಕೊಲೆಯಾದ ದಿನಾಂಕ ಇದೆ. ಪ್ರತಿ ಜನವರಿಯಲ್ಲಿ ಸಾವಿರಾರು ಜನ ಕೆಂಪು ಹೂವು ಹಿಡಿದು ಅಲ್ಲಿಗೆ ಹೋಗುತ್ತಾರೆ. ಟಿಟ್ ಹಕ್ಕಿಗಳು ಬರ್ಲಿನ್‌ನ ಚಳಿಗಾಲದಲ್ಲಿ ಈಗಲೂ ಕೂಗುತ್ತಿರುತ್ತವೆ, ಕೇಳಿಸಿಕೊಳ್ಳಬೇಕಷ್ಟೇ.