ತಿದ್ದುವ ಗುರು, ತಿದ್ದಿಸಿಕೊಳ್ಳದ ವೆಂಕಟಪ್ಪ

ಕಳೆದ ಮಳೆಗಾಲದಲ್ಲಿ ನಮ್ಮ ಐವರ್ನಾಡಿನ ಹುಡುಗಿಯೊಬ್ಬಳು ತಾನು ಬರೆದ ಚಿತ್ರವನ್ನು ಮೊಬೈಲಿಗೆ ಕಳಿಸಿ, ಹೇಗುಂಟಣ್ಣ, ಸರಿಯಾಗಿ ನೋಡಿ ಹೇಳಿ ಅಂತ ಕೇಳಿದಳು. ಅಡಿಕೆ ಸುಲಿಯುತ್ತಾ ಕೂತ ಮೂರು ಹೆಂಗಸರು. ಕೊಳೆರೋಗ ಬಂದ ವರ್ಷದ ಮಂಕು ಬೆಳಕು, ಪೂರ್ತಿ ಬೂದಿ ಬಣ್ಣ. ನಾನು ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಹಾಕಿದೆ. ಬಣ್ಣ ಸಾಲದು, ಎಡಗಡೆಯವಳ ಕೈ ಉದ್ದ ಆಗಿದೆ, ಕೂಲಿಯ ವಿಷಯ ಎಲ್ಲಿದೆ, ಸಿಟ್ಟು ಎಲ್ಲಿದೆ, ಇನ್ನೂ ಏನೇನೋ. ಅವಳು ಒಂದು ಹೆಬ್ಬೆರಳು ತೋರಿಸಿದಳು. ಆಮೇಲೆ ಒಂದೂ ಚಿತ್ರ ಬರಲಿಲ್ಲ.

ಚಿತ್ರ ಬರೆಯುವ ನಮ್ಮ ಹುಡುಗ ಹುಡುಗಿಯರ ನಡುವೆ ಈಗ ಎರಡೇ ಬಗೆಯ ಮಾತು. ಒಂದೋ ಸೂಪರ್, ಇಲ್ಲವೋ ಇದರ ರಾಜಕೀಯ ಏನು ಎಂಬ ವಿಚಾರಣೆ. ನಾನು ಎರಡನೆಯ ಗುಂಪಿನವ. ಈ ತಲೆಬಿಸಿಯಲ್ಲಿದ್ದಾಗಲೇ ಕೆ. ವೆಂಕಟಪ್ಪನವರ ಬದುಕನ್ನು ಮತ್ತೆ ಓದಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ, ತುಂಬಾ ಜನಕ್ಕೆ ಗೊತ್ತಿರುವುದು ಅಷ್ಟೇ.

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಚಿತ್ರಗಾರರ ಮನೆಯಲ್ಲಿ. ಅರಮನೆಗೆ ಚಿತ್ರ ಬರೆದುಕೊಡುವುದು ಆ ಮನೆತನದ ಕುಲಕಸುಬು. ಅಂಥ ಮನೆಯಲ್ಲಿ ವಿಮರ್ಶೆ ಅನ್ನುವ ಪದ ಇರುವುದಿಲ್ಲ, ತಪ್ಪು ಅನ್ನುವ ಪದ ಇರುತ್ತದೆ. ಗೆರೆ ತಪ್ಪಿದರೆ ಅಪ್ಪ ಹೇಳುತ್ತಾನೆ, ಮಗ ಅಳಿಸಿ ಬರೆಯುತ್ತಾನೆ. ಹುಡುಗನ ಕೈ ಚುರುಕಿದೆ ಅಂತ ಕಂಡ ನಾಲ್ವಡಿ ಕೃಷ್ಣರಾಜ ಒಡೆಯರ್ 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಗುರು ಅವನೀಂದ್ರನಾಥ ಟ್ಯಾಗೋರ್, ಜೊತೆಗೆ ಕಲಿತವರು ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಮುಂತಾದವರು.

ಸ್ವದೇಶಿ ಚಳವಳಿಯ ಬಿಸಿ ಇನ್ನೂ ಆರದ ಊರು ಅದು. ಯುರೋಪಿನ ತೈಲವರ್ಣವನ್ನು ನಕಲು ಮಾಡುವುದು ಬೇಡ, ನಮ್ಮ ಕಣ್ಣಿನಿಂದ ನೋಡೋಣ ಅನ್ನುವುದು ಅವನೀಂದ್ರರ ಹಟ. ಜಲವರ್ಣ ಹಾಕಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಾಕುವ ವಾಶ್ ವಿಧಾನ ಅವರದ್ದು. ಗೆರೆಗಳೆಲ್ಲ ಮಂಜಿನಲ್ಲಿ ಕಂಡ ಹಾಗೆ ಆಗುತ್ತವೆ. ಗೆರೆಯ ಖಚಿತತೆಯಲ್ಲಿ ಬೆಳೆದ ಮೈಸೂರಿನ ಹುಡುಗನಿಗೆ ಇದು ಸುಲಭ ಆಗಿರಲಿಕ್ಕಿಲ್ಲ ಅಂತ ನನ್ನ ಊಹೆ. ಆದರೂ ಕಲಿತರು. ಸೋದರಿ ನಿವೇದಿತಾ ಶುರುಮಾಡಿ, ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಮುಗಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಬಂತು. ಅದರ ರಾಮಾಯಣದ ಭಾಗಕ್ಕೆ ವೆಂಕಟಪ್ಪನವರ ಚಿತ್ರಗಳಿವೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ, ಇಪ್ಪತ್ತೇಳನೇ ವಯಸ್ಸಿಗೇ ದೊಡ್ಡ ಇಲಸ್ಟ್ರೇಷನ್ ಕೆಲಸ.

ಇಲ್ಲಿ ಅವರ ಸಹಪಾಠಿಯ ಒಂದು ಕಥೆ ಹೇಳಲೇಬೇಕು.  ನಂದಲಾಲ್ ಉಮೆಯ ತಪಸ್ಸಿನ ಚಿತ್ರ ಬರೆದು ಗುರುಗಳಿಗೆ ತೋರಿಸಿದರು. ಬಣ್ಣ ಕಮ್ಮಿ ಆಯ್ತು, ಉಮೆಗೆ ಸ್ವಲ್ಪ ಅಲಂಕಾರ ಮಾಡು ಅಂದರು ಅವನೀಂದ್ರರು. ನಂದಲಾಲ್ ತಲೆಯಾಡಿಸಿ ಹೋದರು. ರಾತ್ರಿ ಗುರುವಿಗೆ ನಿದ್ದೆ ಬರಲಿಲ್ಲ. ತಪಸ್ಸಿಗೆ ಕೂತವಳಿಗೆ ಅಲಂಕಾರ ಎಂಥದಕ್ಕೆ? ನಂದಲಾಲ್ ಕಂಡ ಉಮೆ ಬೇರೆ, ನಾನು ಹೇಳಿದ ಉಮೆ ಬೇರೆ ಅಂತ ಹೊಳೆದದ್ದೇ ತಡ, ಬೆಳಗಾಗುತ್ತಲೇ ಶಿಷ್ಯನ ಮನೆಗೆ ಓಡಿದರು. ನಂದಲಾಲ್ ಚಿತ್ರ ಮುಂದಿಟ್ಟುಕೊಂಡು ತಿದ್ದಲು ಹೊರಟಿದ್ದರಂತೆ. ಕೈ ತಡೆದರು, ಚಿತ್ರ ಉಳಿಯಿತು. ಇದನ್ನು ಅವನೀಂದ್ರರೇ ಮುಂದೆ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಮನುಷ್ಯ ತಾನು ಕೊಟ್ಟ ಸಲಹೆಯನ್ನು ವಾಪಸ್ ತಗೊಳ್ಳಲು ಬೆಳಗಾತ ಶಿಷ್ಯನ ಬಾಗಿಲಿಗೆ ಹೋಗುವುದು ನೋಡಿ.

ವೆಂಕಟಪ್ಪನವರದ್ದು ಬೇರೆ ಸ್ವಭಾವ. ಮೈಸೂರಿಗೆ ಬಂದ ಮೇಲೆ ಅವರು ಗುರುವಿನ ಮಂಜನ್ನು ನಿಧಾನಕ್ಕೆ ಬಿಟ್ಟರು. ಊಟಿಗೆ, ಕೊಡೈಕನಾಲ್‌ಗೆ ಹೋಗಿ ಬಯಲಲ್ಲಿ ಕೂತು ಮೋಡ, ಕೆರೆ, ಬೆಳಕು ಬರೆದರು. ಆ ಜಲವರ್ಣಗಳಲ್ಲಿ ದೇವರಿಲ್ಲ, ಪುರಾಣವಿಲ್ಲ. ಅವರ ಕೆಲಸದಲ್ಲಿ ನನಗೆ ಅತಿ ಇಷ್ಟ ಇವೇ. ನಡುವೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿಯಲು ಕೂತರು, ಎಷ್ಟರ ಮಟ್ಟಿಗೆ ಅಂದರೆ ಚಿತ್ರಕಲೆಯೇ ಹಿಂದೆ ಬಿತ್ತು. ಚಿತ್ರಗಾರನಿಗೆ ಯಾಕಪ್ಪ ವೀಣೆ ಅಂತ ಕೇಳುವವರಿಗೆ ಉತ್ತರವೋ ಎಂಬಂತೆ, ವೀಣೆಯ ಹುಚ್ಚು ಹಿಡಿದ ತನ್ನನ್ನೇ ಚಿತ್ರ ಮಾಡಿಟ್ಟರು. ತನ್ನ ಬಗ್ಗೆ ಬರಬಹುದಾದ ಟೀಕೆಯನ್ನು ತಾನೇ ಮೊದಲು ಬರೆದುಬಿಡುವುದು ಒಂದು ಜಾಣತನ. ಒಂದು ಬೇಲಿಯೂ ಹೌದು.

ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಅರಮನೆಯ ಆಸರೆ ಹೋಯಿತು, ವೆಂಕಟಪ್ಪ ಬೆಂಗಳೂರಿಗೆ ಬಂದರು. ಮದುವೆ ಆಗಲಿಲ್ಲ. ಚಿತ್ರ ಮಾರಲು ಮನಸ್ಸಿಲ್ಲ, ತೋರಿಸಲೂ ಮನಸ್ಸಿಲ್ಲ. ನಂದಲಾಲ್ ಶಾಂತಿನಿಕೇತನದಲ್ಲಿ ಒಂದು ಪೀಳಿಗೆಯನ್ನೇ ಬೆಳೆಸಿದರು, ಹಲ್ದಾರ್ ಲಕ್ನೋದ ಕಲಾಶಾಲೆ ನಡೆಸಿದರು. ವೆಂಕಟಪ್ಪ ಯಾವ ಶಾಲೆಯನ್ನೂ ಕಟ್ಟಲಿಲ್ಲ. ಇದನ್ನು ಸ್ವಾಭಿಮಾನ ಅಂತ ಹೊಗಳುವವರು ತುಂಬಾ ಇದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಸುಬಿನ ಮನೆಯಿಂದ ಬಂದು ಕಲಾವಿದ ಅನ್ನಿಸಿಕೊಳ್ಳಲು ಹೋರಾಡಿದವನಿಗೆ ಯಾರ ಮಾತೂ ಬೇಡ ಅನ್ನಿಸಿದ್ದು ಅರ್ಥ ಆಗುತ್ತದೆ. ಆದರೆ ಮೈಸೂರು ಸೀಮೆಯ ಎಳೆಯ ಕೈಗಳಿಗೆ ಅವರ ಕಣ್ಣು ಸಿಗದೆ ಹೋಯಿತು, ಅದು ನಷ್ಟವೇ.

1965ರಲ್ಲಿ ಹೋದರು. 1970ರ ದಶಕದಲ್ಲಿ ಸರ್ಕಾರ ಗ್ಯಾಲರಿ ಮಾಡಿತು. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ತಮಾಷೆ ನೋಡಿ, ತನ್ನ ಚಿತ್ರವನ್ನು ಯಾರಿಗೂ ತೋರಿಸಲು ಒಪ್ಪದವನ ಹೆಸರಿನ ಗೋಡೆ ಎಲ್ಲರದ್ದಾಗಿ ಉಳಿಯಲಿ ಅಂತ ಹೋರಾಟ.

ಮೊನ್ನೆ ರಾತ್ರಿ ಹುಡುಗಿಯ ಚಿತ್ರವನ್ನು ಹುಡುಕಿ ತೆಗೆದೆ. ಬೂದಿ ಬಣ್ಣವೇ ಸರಿ. ಕೊಳೆರೋಗದ ವರ್ಷ ಬೇರೆ ಯಾವ ಬಣ್ಣ ಇರ್ತದೆ ಮಾರಾಯ್ರೆ? ಸಿಟ್ಟು ಮೂವರ ಬೆನ್ನಿನಲ್ಲೇ ಇತ್ತು, ನನಗೆ ಕಂಡಿರಲಿಲ್ಲ. ಎಡಗಡೆಯವಳ ಕೈ ಮಾತ್ರ ಈಗಲೂ ಉದ್ದವೇ. ಎರಡನ್ನೂ ಹೇಳಬೇಕು. ಅವಳ ಮನೆ ಬೆಳ್ಳಾರೆ ಕಡೆ ಹೋಗುವ ದಾರಿಯಲ್ಲಿ, ಬೈಕಿನಲ್ಲಿ ಹತ್ತು ನಿಮಿಷ ಸಾಕು. ಈ ಸಲ ವಾಯ್ಸ್ ಮೆಸೇಜ್ ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇರ್ತೀಯಾ ಅಂತ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.